ಹಂದಿ ಹಿಡಿಯುವ ಅಳಿಯ

ಅಪ್ಪಾ,

ಇವತ್ತು ಊರಸಭೆಯಲ್ಲಿ ನನ್ನ ಗಂಡ ಏಸಹೆಲ್‌ನನ್ನು ಹಂದಿ ಹಿಡಿಯುವ ಅಧಿಕಾರಿಯಾಗಿ ಆರಿಸಿದರು. ಹೊಸ ಮದುಮಗನಿಗೆ ಈ ಕೆಲಸ ಅಂಟಿಸುವ ನಮ್ಮ ವರ್ಮಾಂಟಿನವರ ತಮಾಷೆ ನಿಮಗೆ ಗೊತ್ತೇ ಇದೆ. ಆದರೆ ಈ ಮದುಮಗನಿಗೆ ಐವತ್ತು ತುಂಬಿದೆ.

"ಓಡೋಕಾಗುತ್ತೇನಯ್ಯಾ?" ಎಂದು ಪಕ್ಕದ ಮನೆಯ ಲೆಮ್ಯುಯೆಲ್ ಕೆಣಕಿದ.

"ಇವಳ ಹಿಂದೆ ಇಪ್ಪತ್ತು ವರ್ಷ ಓಡಿದೀನಿ, ಹಂದಿ ಯಾವ ಲೆಕ್ಕ?" ಎಂದ ಏಸಹೆಲ್. ಸಭೆಗೆ ಬಂದವರಿಗೆ ಊಟ ಬಡಿಸುತ್ತಿದ್ದ ನಾನೂ ನಕ್ಕೆ.

ವಕೀಲಿಕೆ ಬಿಟ್ಟು ಶಾಸನಸಭೆಗೆ ಹೋದಾಗ ನೀವು ಮೊದಲು ಮಾಡಿಸಿದ್ದೇ ಬೀದಿ ಹಂದಿಗಳ ಕಾನೂನು. ಅದನ್ನು ಜಾರಿಗೆ ತರುವವನು ಈಗ, ನೀವು ಬೇಡವೆಂದ ಅಳಿಯ. ನೀವು ಬದುಕಿದ್ದಾಗಲೇ ಅವನನ್ನು ಒಮ್ಮೆ ನಿಮ್ಮೆದುರು ಕೂರಿಸಬಹುದಿತ್ತೇ? ನನಗೆ ತಿಳಿಯದು.

ಸಂಜೆ ಅವನು ನಿಮ್ಮ ಕಾನೂನನ್ನು ಕೊನೆಯ ಸಾಲಿನವರೆಗೂ ಓದಿದ.

"ಎಲ್ಲಾ ಅರ್ಥವಾಯ್ತು ಕಣೆ," ಎಂದ. "ಇಷ್ಟು ಸರಳವಾಗಿ ಬರೆಯೋರಿಗೆ ನಾನ್ಯಾಕೆ ಅಷ್ಟೊಂದು ಹೆದರ್ತಿದ್ದೆ?"