ತಣ್ಣಗೆ ಮಾಡಿದ ನೀರು

೩ ಏಪ್ರಿಲ್ ೧೯೮೪, ಎರ್ಮಾಳ್

ಬೆಳಿಗ್ಗೆಯೇ ಮತ್ತೆ ನೀರು ಕುದಿಸಿದೆ. ಕಣ್ಣು ತುಂಬ ಹೊಗೆ. ಸೌದೆಯೆಲ್ಲ ನೀರಿಗೇ ಆಯಿತೆಂದು ಅಮ್ಮನ ಗೊಣಗಾಟ. ಆಗಲಿ. ಸುಂದರಿಯಕ್ಕನ ಗಂಡ ವಾಂತಿಭೇದಿಯಲ್ಲಿ ಹೋದದ್ದು ದೈವದ ಕೋಪದಿಂದಲ್ಲ, ಮೀನಿನ ಬೋಟಿನಲ್ಲಿ ಕುಡಿಯಲು ಇಡುವ ಡ್ರಮ್ಮಿನ ನೀರಿನಿಂದ. ಹೇಳಲು ಯಾರಿಗೂ ಬಾಯಿಲ್ಲ. ನಾನು ಹೇಳುತ್ತೇನೆ.

ಆರೋಗ್ಯ ಇಲಾಖೆಯವರು ಹಂಚಿದ ಕರಪತ್ರದ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಭಜನಾ ಮಂದಿರದ ಗೋಡೆಗೆ ಅಂಟಿಸಿದೆ: "ಕುದಿಸಿ ತಣ್ಣಗೆ ಮಾಡಿದ ನೀರನ್ನೇ ಕುಡಿಯಿರಿ."

ತಮ್ಮ ಉಮಾನಾಥ ಹೋಗುವ ಬೋಟನ್ನು ನಡೆಸುವ ತಾಂಡೇಲ ಶೇಖರಣ್ಣ ಓದಿ ನಕ್ಕರು. "ಎಂತ ಮಾರಾಯ್ತಿ, ಇನ್ನು ಮೀನಿಗೂ ಕುದಿಸಿ ಕೊಡಬೇಕಾ?"

"ನಿಮಗೆ ಸಾಕು. ಮೀನಿಗೆ ನಿಮ್ಮಷ್ಟು ಹಠ ಇಲ್ಲ."

೯ ಏಪ್ರಿಲ್

ಗೆದ್ದೆ! ಬೋಟಿನಲ್ಲೀಗ ನೀರು ಕುದಿಸಲೆಂದೇ ಸ್ಟವ್ ಉಂಟು.

ಉಮಾನಾಥನ ತಕರಾರು, ಗೇಲಿ ಮಾತ್ರ ಮುಗಿಯುವುದಿಲ್ಲ. "ಡಾಕ್ಟರಕ್ಕ, ಈ ಬಿಸಿಲಲ್ಲಿ ಬಲೆ ಎಳೆದವನಿಗೆ ಬಿಸಿನೀರಾ? ನೀನೊಮ್ಮೆ ಬಂದು ಕುಡಿ, ನೋಡುವ."

"ತಣ್ಣಗೆ ಮಾಡಿ ಅಂತ ಬರೆದದ್ದು ಕಾಣುವುದಿಲ್ವಾ?" ಅಂದೆ.

೨೦ ಏಪ್ರಿಲ್, ಸಂಜೆ

ಉಮಾನಾಥನನ್ನು ಮಲ್ಪೆಯಲ್ಲಿ ಬೋಟಿನಿಂದ ಹೊತ್ತೇ ಇಳಿಸಿದರು. ಅಕ್ಕಿ ತೊಳೆದ ನೀರಿನಂಥ ಭೇದಿ. ಕಣ್ಣು ಗುಳಿ ಬಿದ್ದಿದೆ. ಬಾಡಿಗೆ ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ. ದಾರಿಯುದ್ದಕ್ಕೂ ಬೈದೆ.

"ಹಸಿ ನೀರು ಕುಡಿದೆ, ಅಲ್ವಾ?"

"ಇಲ್ಲ ಅಕ್ಕ... ಕುದಿಸಿದ್ದೇ. ನಿನ್ನಾಣೆ."

ಸುಳ್ಳ, ಅಂದೆ.

೨೨ ಏಪ್ರಿಲ್

ಡ್ರಿಪ್ ಹೋಗುತ್ತಲೇ ಇದೆ. ಮೂತ್ರ ನಿಂತಿದೆ. ಡಾಕ್ಟರು ಮುಖ ಕೊಟ್ಟು ಮಾತಾಡುವುದಿಲ್ಲ. ಅಮ್ಮ ಅಲ್ಲೇ. ಬಟ್ಟೆ ಒಯ್ಯಲು ನಾನು ಮನೆಗೆ ಬಂದೆ.

ಶೇಖರಣ್ಣ ಜಗಲಿಯಲ್ಲಿ ಕಾದಿದ್ದರು. "ಅವನಿಗೆ ಬೈಬೇಡ ಮಗಾ. ಎಲ್ಲ ನೀನು ಹೇಳಿದ ಹಾಗೇ ಮಾಡಿದ್ದೇವೆ. ಕುದಿಸಿದೆವು. ತಣ್ಣಗೂ ಮಾಡಿದೆವು."

"ಹೇಗೆ?"

"ಹೇಗೆ ಅಂದರೆ? ಐಸ್ ಉಂಟಲ್ಲ. ಒಡೆದು ಹಾಕಿದೆವು."

ಮೀನಿನ ಪೆಟ್ಟಿಗೆಯ ಐಸ್. ಯಾವ ಕೆರೆಯ ಹಸಿ ನೀರೋ. ಗೋಣಿಯಲ್ಲಿ ಎಳೆದು ತಂದದ್ದು, ಕಾಲಲ್ಲಿ ತುಳಿದದ್ದು.

ಉಮಾನಾಥ ಸುಳ್ಳು ಹೇಳಿರಲಿಲ್ಲ.

೨೩ ಏಪ್ರಿಲ್, ಬೆಳಿಗ್ಗೆ

ಮಂದಿರದ ಗೋಡೆಯ ಕಾಗದ ಕಿತ್ತು ತಂದೆ. ಮಣಿಪಾಲದ ಬಸ್ಸಿಗೆ ಇನ್ನೂ ಹೊತ್ತುಂಟು. ಅಷ್ಟರೊಳಗೆ ಹೊಸದು ಬರೆದು ಶೇಖರಣ್ಣನ ಕೈಗೆ ಕೊಡಬೇಕು. ಒಂದು ಶಬ್ದವೂ ತಪ್ಪಬಾರದು. "ಕುದಿಸಿದ ನೀರನ್ನು ಮುಚ್ಚಿಡಿ. ತಾನಾಗಿಯೇ ಆರಲಿ. ಐಸ್ ಹಾಕ—"

ಗೇಟಿನ ಹತ್ತಿರ ಕಾರು ನಿಂತಿತು. ಅಮ್ಮ ಬರುವುದಾದರೆ ಬಸ್ಸಿಗೆ ಬರುತ್ತಾಳೆ. ಕಾರು ಯಾಕೆ