ಹಾಗಲಬಳ್ಳಿಗೆ ಸಿಕ್ಕ ಸ್ಪ್ರಿಂಗು

ಬಾಣಸವಾಡಿ,
೨೮ ಅಕ್ಟೋಬರ್ ೧೯೯೮

ಪ್ರೀತಿಯ ಅಪ್ಪಾ,

ಕಾಲು ನೋವು ಹೇಗಿದೆ? ಪ್ಲಾಸ್ಟರಿನೊಳಗೆ ತುರಿಸುತ್ತೆ ಅಂತ ಅತ್ತೆಯ ಸ್ವೆಟರ್ ಕಡ್ಡಿ ತೂರಿಸಿಕೊಳ್ಳುತ್ತಿದ್ದೀರಂತೆ, ದಯವಿಟ್ಟು ಬೇಡ. ಅತ್ತೆಯ ಮುದ್ದೆ ಸಾರಿನ ರುಚಿಗೆ ಬಂಗಾರಪೇಟೆಯಲ್ಲೇ ಇದ್ದುಬಿಡಬೇಡಿ. ಅಮ್ಮ ಚೆನ್ನಾಗಿದ್ದಾಳೆ. ಅಜ್ಜಿ ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾಳೆ.

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುವಾಗ ಅಜ್ಜಿಯ ಹಾಗಲಬಳ್ಳಿ ಕಣ್ಣಿಗೆ ಬಿತ್ತು. ಅದರ ಎಳೆ ಕುಡಿ ಕೋಲನ್ನು ಬಿಟ್ಟು, ಪಕ್ಕದಲ್ಲಿ ನೆಟ್ಟಿದ್ದ ತುಕ್ಕು ಹಿಡಿದ ಸ್ಪ್ರಿಂಗಿಗೆ ಸುತ್ತಿಕೊಂಡಿತ್ತು. ಮೊಳದುದ್ದದ ಕಬ್ಬಿಣದ ಸುರುಳಿ. ಎಲ್ಲಿಂದ ಬಂತು ಅಂದೆ. "ಆಯುಧಪೂಜೆ ದಿನ ನಿನ್ ಚಿಕ್ಕಪ್ಪ ಗಾಡಿಯಿಂದ ಕಿತ್ತು ಕಸಕ್ಕೆ ಎಸ್ದ ಕಣೇ, ನಾನು ಎತ್ಕೊಂಡೆ" ಅಂದಳು ಅಜ್ಜಿ. ನಾನು ಬಾಯಿ ತೊಳೆಯುವುದನ್ನೂ ಮರೆತು ನಿಂತೆ. ಯಾಕೆ ಅಂತ ಹೇಳಬೇಕಾದರೆ ನಿಮ್ಮ ತಮ್ಮನ ಪ್ರತಾಪದಿಂದಲೇ ಶುರುಮಾಡಬೇಕು.

ನೀವು ಕಾಲು ಮುರಿದುಕೊಂಡು ಮಲಗಿದ ಮೇಲೆ ನಮ್ಮ ಹಳೇ ಪಿಕಪ್ ಪ್ರೇಮ್‌ಕುಮಾರ್ ಚಿಕ್ಕಪ್ಪನ ಕೈಗೆ ಬಂತಲ್ಲ. ಹಬ್ಬಕ್ಕೆ ಹಳೇದೆಲ್ಲ ಆಚೆ ಅಂತ ಘೋಷಿಸಿ, ಮೂರು ಹಾರ್ನ್ ಹಾಕಿಸಿ, ರೇಡಿಯೇಟರಿನ ಕೆಳಗಿನ ಹೋಸ್ ಪೈಪನ್ನೂ ಬದಲಾಯಿಸಿದ. ಹೊಸ ಪೈಪು ಅವನ ಶೂಗಳಷ್ಟೇ ಹೊಳೆಯುತ್ತಿತ್ತು. ಮಾರನೇ ವಾರದಿಂದ ಇಂಜಿನ್ ಕುದಿಯತೊಡಗಿತು. ಚಿಕ್ಕಪ್ಪ ಮೊದಲು ಕಂಡುಹಿಡಿದದ್ದು ದೃಷ್ಟಿ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ; ಇಂಜಿನ್ನಿಗೆ ಅದು ತಿಳಿಯಲಿಲ್ಲ. ಆಮೇಲೆ ನೀರು ಸಾಲದು ಅಂತ ಬಿಸಿಯಿರುವಾಗಲೇ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಸುಟ್ಟುಕೊಳ್ಳಲಿಲ್ಲ, ಹಾರಿ ಹಿಂದೆ ಸರಿದ. ಆದರೆ ಹಬೆಗೆ ಮೀಸೆಯ ಕಪ್ಪು ಬಣ್ಣ ಗಲ್ಲದವರೆಗೆ ಇಳಿಯಿತು. ಹಾಗೇ ಹೋಗಿ ರಸೆಲ್ ಮಾರ್ಕೆಟ್ಟಿನಲ್ಲಿ ತರಕಾರಿ ಇಳಿಸಿದ. ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕೊನೆಗೆ ಗ್ಯಾರೇಜಿನ ಸ್ನೇಹಿತನೊಬ್ಬನನ್ನು ಕರೆತಂದ. ಅವನು ಬಾನೆಟ್ಟಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಇಂಜಿನ್ ಹೋಯ್ತು ಗುರು, ಕೊಟ್ಬಿಡು" ಅಂದ. ಕೊಳ್ಳುವವನೂ ಅವನೇ. ಡಾಕ್ಟರೂ ಅವನೇ, ಹೆಣ ಹೊರುವವನೂ ಅವನೇ.

ಈ ಕಾಗದ ಬರೆಯಲು ಹೇಳಿದವನು ಚಿಕ್ಕಪ್ಪ. ಗಾಡಿ ನಿಮ್ಮ ಹೆಸರಲ್ಲಿದೆಯಲ್ಲ, ಮಾರಾಟದ ಫಾರಂಗೆ ನಿಮ್ಮ ಸಹಿ ಬೇಕು. "ನಿನ್ ಅಕ್ಷರ ಮುದ್ದಾಗಿದೆ, ಅಣ್ಣನ ಮನಸ್ಸು ಕರಗೋ ಹಾಗೆ ಬರಿ. ಬಿ.ಎ. ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ" ಅಂದ. ಅಮ್ಮನೂ ನಂಬಿಬಿಟ್ಟಿದ್ದಾಳೆ. ನಿಮ್ಮ ಹದಿನೈದು ವರ್ಷದ ಗಾಡಿಯನ್ನು ಸೆರಗಿನಿಂದ ಒರೆಸಿ ಅತ್ತಳು.

ನನಗೆ ಅನುಮಾನ ಬಂದದ್ದು ಮುಳ್ಳಿನಿಂದ. ಮೂಟೆ ಕಾಯಲು ನಾನು ದಿನವೂ ಜೊತೆಗೆ ಹೋಗುತ್ತಿದ್ದೆನಲ್ಲ. ನೋಡುವುದಕ್ಕೆ ಬೇರೇನೂ ಇಲ್ಲದೆ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆ. ಹಲಸೂರಿನ ಜಾಮಿನಲ್ಲಿ ಅರ್ಧ ಗಂಟೆ ನಿಂತರೂ ಅದು ನಡುವಿನಿಂದ ಕದಲುವುದಿಲ್ಲ. ಹಳೇ ಮದ್ರಾಸು ರಸ್ತೆ ಬಿಡುವಾಗಿ ಸಿಕ್ಕು ಚಿಕ್ಕಪ್ಪ ಆಕ್ಸಿಲರೇಟರ್ ಒತ್ತಿದ ಕೂಡಲೇ ಕೆಂಪಿಗೆ ಏರುತ್ತದೆ. ಫ್ಯಾನಿನ ದೋಷವಾದರೆ ನಿಂತಾಗ ಬಿಸಿಯೇರಬೇಕು, ಓಡುವಾಗಲ್ಲ ಅಂತ ನೀವು ಹೇಳಿದ್ದು ನೆನಪಿತ್ತು. ಹೇಳಿದೆ. "ನೀನು ಪದ್ಯ ಓದ್ಕೊಂಡಿರಮ್ಮ, ಇದು ಇಂಜಿನ್ನು" ಅಂದ. ನಿನ್ನೆ ಆ ಸ್ನೇಹಿತನಿಗೆ ಸದ್ದು ಕೇಳಿಸಲೆಂದು ಬಾನೆಟ್ ಎತ್ತಿ ಇಂಜಿನ್ ಜೋರು ಮಾಡಿದಾಗ ಇಬ್ಬರೂ ತಲೆ ಆಡಿಸುತ್ತಿದ್ದರು. ನಾನು ಬಗ್ಗಿ ಕೆಳಗೆ ನೋಡಿದೆ. ಹೊಸ ಪೈಪು ಅಜ್ಜಿಯ ಕೆನ್ನೆಯ ಹಾಗೆ ಒಳಕ್ಕೆ ಅಂಟಿಕೊಂಡಿತು; ಸದ್ದು ಇಳಿದಾಗ ಮತ್ತೆ ಉಬ್ಬಿತು. ಇಂಜಿನ್ ಜೋರಾಗಿ ನೀರೆಳೆದಾಗೆಲ್ಲ ದಾರಿಯೇ ಮುಚ್ಚಿಹೋಗುತ್ತಿತ್ತು. ಹಳೇ ಪೈಪು ಯಾಕೆ ಹಾಗೆ ಮಾಡುತ್ತಿರಲಿಲ್ಲ ಅನ್ನುವುದು ಗೊತ್ತಾಗಿದ್ದು ಮಾತ್ರ ಇವತ್ತು, ಹಾಗಲಬಳ್ಳಿಯ ಹತ್ತಿರ.

ಚಿಕ್ಕಪ್ಪ ಊಟ ಮಾಡಿ ಸ್ನೇಹಿತನ ಗ್ಯಾರೇಜಿಗೆ ಹೊರಟ ಮೇಲೆ, ಶಿವಾಜಿನಗರದಿಂದ ನಿಮ್ಮ ರೇಡಿಯೇಟರ್ ಅಹ್ಮದ್ ಪಾಷಾ ಅವರನ್ನು ಕರೆತಂದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಲ್ಲೇ ಕಟ್ಟಿಕೊಂಡಿದ್ದೆ, ಬೇಕಾಗಲಿಲ್ಲ. ಸ್ಪ್ರಿಂಗ್ ನೋಡಿದ್ದೇ, "ಅರೇ ಬೇಟಾ, ಪೈಪು ಒಳಕ್ಕೆ ಅಂಟ್ಕೋಬಾರ್ದು ಅಂತ ಇದನ್ನ ಅದರೊಳಗೆ ಕೂರ್ಸಿದ್ದೇ ನಾನು. ಯಾವ ಜಾಣ ಎಸ್ದಿದ್ದು?" ಅಂದರು. ಸೀಮೆಎಣ್ಣೆಯಲ್ಲಿ ತುಕ್ಕು ಉಜ್ಜಿ ಒಳಗೆ ಕೂರಿಸಿದರು. ಆಯಿಲಿಗೆ ನೀರು ಸೇರಿಲ್ಲ, ಇಂಜಿನ್ ಗಟ್ಟಿಯಾಗಿದೆ ಅಂದರು. ಹೊಸಕೋಟೆವರೆಗೂ ಜೋರಾಗಿ ಹೋಗಿಬಂದೆವು. ಮುಳ್ಳು ನಡುವಿನಲ್ಲೇ ಇತ್ತು.

ಚಿಕ್ಕಪ್ಪ ಈಗ ಪಡಸಾಲೆಯಲ್ಲಿ ಕೂತು ಮೀಸೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾನೆ. ಕಾಗದ ಎಷ್ಟು ಪುಟವಾಯಿತು ಅಂತ ಎರಡು ಸಲ ಕೇಳಿದ. ಚೆನ್ನಾಗಿ ಬರುತ್ತಿದೆ ಅಂದೆ.

ಅತ್ತೆಗೆ ನಮಸ್ಕಾರ ಹೇಳಿ. ಕಾಲಿಗೆ ಭಾರ ಬಿಡಬೇಡಿ.

ನಿಮ್ಮ ಮಗಳು,
ಯಮುನಾ

ಅಂದಹಾಗೆ, ಕವರಿನಲ್ಲಿ ಫಾರಂ ಹುಡುಕಬೇಡಿ, ನಾನು ಇಟ್ಟಿಲ್ಲ. ಗಾಡಿಯ ಕೀಯೂ ನನ್ನ ಹತ್ತಿರವೇ ಇದೆ. ಹೋದ ವರ್ಷ ನೀವು ಬೈದು ಬೈದು ಮಾಡಿಸಿದ ಲೈಸೆನ್ಸನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ. ನಾಳೆ ಬೆಳಿಗ್ಗೆ ಕೆ.ಆರ್.ಪುರದ ಸಂತೆಗೆ ಪಾಷಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಗಾಡಿ ಓಡಿಸುತ್ತೇನೆ. ಜನರ ಮುಂದೆ ನನಗೆ ದನಿ ಏಳುವುದಿಲ್ಲ ಅಂತ ಯೋಚಿಸಬೇಡಿ. ಚಿಕ್ಕಪ್ಪ ಮೂರು ಹಾರ್ನ್ ಹಾಕಿಸಿದ್ದಾನೆ.