ಕಂಪನಿಗೆ ಕಾಣದ ಅರ್ಧ

ಮಾರ್ಚ್ 3, ಮಂಗಳವಾರ

ಬೆಳಗಿನಿಂದ ಮನೆಯಲ್ಲೇ ಕೂತು, ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಗೊಣಗಾಟ ಕೇಳಿ ಕೇಳಿ ರೋಗಿಗಳ ರಿಪೋರ್ಟು ಟೈಪು ಮಾಡಿದ್ದೇ ಮಾಡಿದ್ದು. ಹೃದಯದ ಡಾಕ್ಟರು ಇವತ್ತೂ ಬಾಯಲ್ಲಿ ಏನೋ ಇಟ್ಟುಕೊಂಡೇ ಮಾತಾಡಿದ್ದಾರೆ. ಕಂಪ್ಯೂಟರ್ ನನ್ನದು, ಮೇಜು ನನ್ನದು, ಕರೆಂಟು ನನ್ನದು. ಒಳಗೆ ಕೂತಿರುವ ಸಾಫ್ಟ್‌ವೇರ್ ಮಾತ್ರ ಕಂಪನಿಯದು — ಆಗಾಗ ಪರದೆಯ ಫೋಟೋ ತೆಗೆದು ಮೇಲಿನವರಿಗೆ ಕಳಿಸುತ್ತದೆ. ಮೇಲಿನವರು ಅಂದರೆ ಅತ್ತಿಗೆ. ಕೆಲಸ ಕೊಡಿಸಿದವಳೂ ಅವಳೇ. ಮರೆಯಲು ಬಿಡುವವಳಲ್ಲ.

ಊಟದ ಬಿಡುವಿನಲ್ಲಿ ಅದೇ ಕಂಪ್ಯೂಟರಿನಲ್ಲಿ, ನನ್ನ ಎದೆಯಲ್ಲಿ ಕೈಗೆ ಸಿಕ್ಕಿದ ಗಂಟಿನ ಬಗ್ಗೆ ಓದಿದೆ. ಸ್ಕ್ಯಾನಿಂಗಿಗೆ ಹೆಸರು ಬರೆಸಿದೆ. ಯಾರಿಗೂ ಹೇಳಿಲ್ಲ. ಏನಾದರೂ ಗೊತ್ತಾದ ಮೇಲೆ ಹೇಳಿದರಾಯಿತು...

ಮಾರ್ಚ್ 8, ಭಾನುವಾರ

ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. ಬಾಗಿಲಲ್ಲೇ ಅಮ್ಮ ಕೈ ಹಿಡಿದುಕೊಂಡಳು. ಬಿಡಲೇ ಇಲ್ಲ.

"ಯಾವ ಕಡೆ?" ಅಂದಳು.

ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

ಅಡುಗೆಮನೆಯಿಂದ ಅತ್ತಿಗೆ — "ಸ್ಕ್ರೀನ್‌ಶಾಟಲ್ಲಿ ಬಂತು ಕಣೇ. ನಾನೇನು ಹುಡುಕ್ಕೊಂಡು ಹೋದ್ನಾ? ಮನೆಯವರಿಗೆ ಹೇಳ್ದೆ ಇರಕ್ಕಾಗುತ್ತಾ?"

"ನಾನೇ ಹೇಳ್ತಿದ್ನಲ್ಲ."

"ಯಾವಾಗ? ಕೈ ಮೀರಿದ ಮೇಲಾ?"

ಅಣ್ಣ ತಟ್ಟೆ ನೋಡುತ್ತ ಕೂತಿದ್ದ. ಮದುವೆಯಾದಾಗಿನಿಂದ ಅವನಿಗೆ ತಟ್ಟೆಯ ಮೇಲೆ ಬಹಳ ಆಸಕ್ತಿ.

ಕಂಪನಿಗೆ ಕೊಟ್ಟಿದ್ದು ಬೆರಳುಗಳನ್ನು ಮಾತ್ರ ಅಂದುಕೊಂಡಿದ್ದೆ.

ಮಾರ್ಚ್ 9

ಹಳೆಯ ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನಿಗೆ ಫೋನು ಮಾಡಿದೆ. ಅವನನ್ನು ಎಲ್ಲರೂ ಪ್ಲಗ್ಗು ಅಂತಲೇ ಕರೆಯುತ್ತಿದ್ದೆವು. ಏನು ಕೆಟ್ಟರೂ ಮೊದಲ ಪ್ರಶ್ನೆ — ಪ್ಲಗ್ ಹಾಕಿದೀರಾ?

"ಆ ಸಾಫ್ಟ್‌ವೇರ್ ತೆಗೆದ್ರೆ ಕೆಲಸ ಹೋಗುತ್ತೆ," ಅಂದೆ.

"ತೆಗೀಬೇಡಿ. ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಅಂತ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕ್ಕೊಳಿ. ಓಪನ್ ಸೋರ್ಸು, ಪುಕ್ಕಟೆ. ಕೆಲಸಕ್ಕೆ ಅದು, ನಿಮಗೆ ಇದು. ಇದು ಓಡ್ತಿರುವಾಗ ಅದು ಸತ್ತ ಹಾಗೆ. ಅವರಿಗೆ ಏನೂ ಕಾಣಲ್ಲ."

ಸತ್ತ ಹಾಗೆ. ಕಿವಿ ತಂಪಾಯಿತು.

ಮಾರ್ಚ್ 14, ಶನಿವಾರ, ಮಧ್ಯಾಹ್ನ

ರಜೆ. ಅಪ್ಪನ ಫೋಟೋ, ನನ್ನ ಕಾಗದಪತ್ರ, ಎಲ್ಲ ಮೊದಲು ಹೊರಗಿನ ಡಿಸ್ಕಿಗೆ. ಪೆನ್‌ಡ್ರೈವಿಗೆ ಲಿನಕ್ಸ್ ಇಳಿಸಿ, ಡಿಸ್ಕಿನಲ್ಲಿ ಅರ್ಧ ಜಾಗ ಬಿಡಿಸಿ ರೀಸ್ಟಾರ್ಟ್ ಮಾಡಿದೆ. ಕಂಪ್ಯೂಟರ್ ಪೆನ್‌ಡ್ರೈವನ್ನು ಕ್ಯಾರೇ ಅನ್ನಲಿಲ್ಲ. ಮತ್ತೆ. ಮತ್ತೆ. ಒತ್ತಬೇಕಾದ ಕೀ ಬೇರೆ, ನಾನು ಗುದ್ದುತ್ತಿದ್ದ ಕೀ ಬೇರೆ.

ಕೊನೆಗೆ ಪರದೆ ಕೇಳಿತು — ಡಿಸ್ಕ್ ಪೂರ್ತಿ ಅಳಿಸಲೋ, ಪಕ್ಕದಲ್ಲಿ ಹಾಕಲೋ? ಅಳಿಸು ಅನ್ನುವುದರ ಮೇಲೆ ಬಾಣ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಆಸೆಯಾಯಿತು. ಮನೆ ಬಾಡಿಗೆ ನೆನಪಾಯಿತು. ಪಕ್ಕದಲ್ಲಿ.

ಆಯಿತು! ಈಗ ಆನ್ ಮಾಡಿದರೆ ಯಾವುದು ಬೇಕು ಅಂತ ಕೇಳುತ್ತದೆ. ನನ್ನನ್ನು ಹಾಗೆ ಯಾರಾದರೂ ಕೇಳಿ ಎಷ್ಟು ಕಾಲವಾಯಿತೋ. ಸೌಂಡ್ ಮಾತ್ರ ಬರುತ್ತಿಲ್ಲ. ಬರದಿದ್ದರೆ ಒಳ್ಳೆಯದೇ. ಇನ್ನು ಈ ಡೈರಿಯನ್ನೂ ಇಲ್ಲೇ ಬರೆಯುತ್ತೇನೆ.

ಮಾರ್ಚ್ 27, ಶುಕ್ರವಾರ

ಸ್ಕ್ಯಾನಿಂಗ್ ಆಗಿ, ಸೂಜಿ ಹಾಕಿ ಚೂರು ತೆಗೆದರು. ರಿಪೋರ್ಟ್ ಮೇಲ್‌ಗೆ ಬರುತ್ತದಂತೆ. ಊಟದ ಬಿಡುವಿನಲ್ಲಿ ದಿನಾ ರೀಸ್ಟಾರ್ಟ್ ಮಾಡಿ ಲಿನಕ್ಸ್ ಕಡೆ ಬಂದು ನೋಡುತ್ತೇನೆ. ಬಂದಿಲ್ಲ.

ಸಂಜೆ ವಿಡಿಯೋ ಮೀಟಿಂಗಿಗೆ ಕರೆ. ಎಚ್‌ಆರ್‌ನವರು, ಅತ್ತಿಗೆ. ಜೀವನದಲ್ಲಿ ಮೊದಲ ಸಲ ಅತ್ತಿಗೆ ನನಗೆ ಬಹುವಚನ ಹಚ್ಚಿದಳು.

"ನಿಮ್ಮ ಸಿಸ್ಟಮ್ ದಿನಾ ಬ್ರೇಕಲ್ಲಿ ಆಫ್ ಆಗ್ತಿದೆ. ಡಿಸ್ಕ್ ಅರ್ಧ ಆಗಿದೆ. ಏನ್ ಮಾಡಿದೀರಿ?"

"ನನ್ನ ಕಂಪ್ಯೂಟರು."

"ರೋಗಿಗಳ ಮಾಹಿತಿ ಇರೋ ಕಂಪ್ಯೂಟರು," ಅಂದರು ಎಚ್‌ಆರ್‌ನವರು. "ಒಬ್ಬರ ಕಾಯಿಲೆ ವಿಷಯ ಇನ್ನೊಬ್ಬರಿಗೆ ಗೊತ್ತಾಗಬಾರದು ನೋಡಿ."

ನಕ್ಕುಬಿಟ್ಟೆ. ಅತ್ತಿಗೆ ಕ್ಯಾಮೆರಾ ಆಫ್ ಮಾಡಿದಳು.

ಕೆಲಸ ಇವತ್ತಿಗೆ ಮುಗಿಯಿತು. ಮೀಟಿಂಗ್ ಮುಗಿದದ್ದೇ ಕಂಪ್ಯೂಟರಿನಲ್ಲಿ ಕಂಪನಿಯ ಅರ್ಧಕ್ಕೆ ಬೀಗ ಬಿತ್ತು.

ಮಾರ್ಚ್ 29

ಅಣ್ಣನ ಫೋನು. "ಅವಳು ರಿಪೋರ್ಟ್ ಮಾಡ್ದೆ ಇದ್ದಿದ್ರೆ ಅವಳ ಕೆಲಸಕ್ಕೇ ಕುತ್ತು ಬರ್ತಿತ್ತು. ಅರ್ಥ ಮಾಡ್ಕೋ."

ಮಾಡಿಕೊಂಡೆ. ನಮ್ಮ ಮನೆಯಲ್ಲಿ ಅರ್ಥ ಮಾಡಿಕೊಳ್ಳುವುದು ಯಾವಾಗಲೂ ನನ್ನ ಪಾಳಿ.

ಏಪ್ರಿಲ್ 2, ಗುರುವಾರ

ಬೆಳಿಗ್ಗೆ ರಿಪೋರ್ಟ್ ಬಂತು. ಮನೆಯಲ್ಲಿ ಒಬ್ಬಳೇ ಇದ್ದರೂ ರೂಮಿನ ಬಾಗಿಲು ಹಾಕಿಕೊಂಡು ತೆರೆದೆ. ದಿನಾ ಟೈಪು ಮಾಡುತ್ತಿದ್ದ ಪದಗಳೇ. ಇವತ್ತು ಒಂದೂ ತಲೆಗೆ ಹೋಗಲಿಲ್ಲ, ಮತ್ತೆ ಮತ್ತೆ ಓದಿದೆ. ಕೆಟ್ಟ ಗಂಟಲ್ಲ.

ಸಂಜೆ ಅಣ್ಣನ ಫೋನು. "ರಿಪೋರ್ಟ್ ಬಂತಾ? ಏನಂತೆ?"

"ನಿನ್ನ ಹೆಂಡ್ತಿನ ಕೇಳು. ಅವಳಿಗೆ ಎಲ್ಲ ಮೊದ್ಲೇ ಗೊತ್ತಾಗುತ್ತಲ್ಲ."

ಫೋನು ಕೈ ಬದಲಾಯಿತು. ಅಮ್ಮನ ಉಸಿರು.

"ಏನೂ ಇಲ್ವಂತೆ ಅಮ್ಮ," ಅಂದೆ, ಮೆಲ್ಲಗೆ.

ಮೂಗು ಒರೆಸಿಕೊಂಡ ಸದ್ದು. ಹಿಂದಿನಿಂದ ಅತ್ತಿಗೆಯ ದನಿ — "ಏನಂತೆ? ಅತ್ತೆ, ಏನಂತೆ?"

"ನಂಗೂ ಹೇಳ್ತಿಲ್ಲ," ಅಂದಳು ಅಮ್ಮ. ಫೋನು ಇಟ್ಟಳು.